ಕಾಲು ಕಚ್ಚಿದ ಚಪ್ಪಲಿ

ಕಸ್ತೂರಿ, ನಿನ್ನ ಪ್ರಬಂಧದ ಆ ನಾಲ್ಕು ಸಾಲುಗಳನ್ನು ನಾನು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದು ಭಾಷೆ ಕೆಟ್ಟಿತ್ತೆಂದಲ್ಲ. ನೀನು ಬರೆದದ್ದು ನಮ್ಮ ಮನೆಯ ಬಗ್ಗೆ — ಅದನ್ನು ಗುರುತು ಹಿಡಿದೇ ಹೊಡೆದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಥಣಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಮಾಸ್ತರ — ಕಬ್ಬು ಬೆಳೆಯುವ ಮನೆತನ, ಹೊಸದಾಗಿ ಮದುವೆ, ಮಾತೆತ್ತಿದರೆ ಸಮಾನತೆಯ ಭಾಷಣ. ನೀನು ಹತ್ತನೆಯ ತರಗತಿ, ಚಪ್ಪಲಿ ಹೊಲಿಯುವವರ ಓಣಿಯ ಹುಡುಗಿ. ಚಿಕ್ಕೋಡಿಯ ಸ್ಪರ್ಧೆಯಲ್ಲಿ ಓದಲೆಂದು ‘ನನ್ನ ತಾಯಿ’ ಎಂಬ ಪ್ರಬಂಧವನ್ನು ನೀನು ಬರೆದು ತಂದಿದ್ದೆ. ನಿನ್ನ ತಾಯಿ ಮದುಮಗನ ಚಪ್ಪಲಿಗೆ ತೊಗಲಿನ ಸಣ್ಣ ಜಡೆ ಹೆಣೆಯುವುದು, ಎಣ್ಣೆ ಕುಡಿಸಿ ಕುಡಿಸಿ ಅದನ್ನು ಮೆತ್ತಗೆ ಮಾಡುವುದು — ಅಂಥ ಬರವಣಿಗೆಯನ್ನು ನಾನು ಯಾವ ವಿದ್ಯಾರ್ಥಿಯಲ್ಲೂ ಕಂಡಿರಲಿಲ್ಲ. ಓದುತ್ತ ಹಿಗ್ಗಿದೆ. ಆಮೇಲೆ ಆ ಸಾಲುಗಳು ಬಂದವು.

‘ನಮ್ಮವ್ವ ಚಪ್ಪಲ್ ಒಯ್ದು ಅವರ ಹಿತ್ತಲದಾಗ ಇಟ್ಟಳು. ಮೈಲಿಗಿ ಹೋಗಲಿ ಅಂತ ಆ ಮನಿ ಹಿರೇರು ಅದರ ಮ್ಯಾಲ ತಂಬಿಗಿ ನೀರು ಸುರುವಿದ್ರು. ತೊಯ್ದ ತೊಗಲು ಒಣಗಿದ ಮ್ಯಾಲ ಬಿರುಸಾಗತೈತಿ. ಮೆಟ್ಟಿದವರ ಕಾಲಿಗೆ ಹತ್ತಲಾರದ ಮೈಲಿಗಿ ಹೊಲಿದವರ ಕೈಗೆ ಹೆಂಗ ಹತ್ತತೈತಿ?’

ನೀರು ಸುರಿದ ಆ ಹಿರಿಯರು ನನ್ನ ತಾಯಿ. ಚಪ್ಪಲಿ ನನ್ನದು. ಮದುವೆಯ ದಿನ ಅದು ಕಾಲು ಕಚ್ಚಿ ಬೊಕ್ಕೆ ಎದ್ದಿತ್ತು. ‘ಹೊಲಿದಾಕಿಗೆ ಕೈಹದ ಇಲ್ಲ’ ಎಂದು ನಾನು ಬೀಗರ ಮುಂದೆಲ್ಲ ನಗಾಡಿದ್ದೆ.

ನಿನಗೆ ಮಾತ್ರ ಬೇರೆಯೇ ಕಾರಣ ಹೇಳಿದೆ. ‘ಆಡುಮಾತು ಬ್ಯಾಡವಾ, ಪುಸ್ತಕದ ಕನ್ನಡದಾಗ ಬರಿ. ಈ ನಾಕು ಸಾಲು ತಗಿ.’

ಮರುದಿನ ನೀನು ತಿರುಗಿ ಬರೆದು ತಂದೆ — ಒಂದು ತಪ್ಪೂ ಇಲ್ಲದ ಪುಸ್ತಕದ ಕನ್ನಡ, ಸಾಲುಗಳು ಇದ್ದಲ್ಲೇ ಇದ್ದವು. ತಿದ್ದಲು ಏನೂ ಉಳಿದಿರಲಿಲ್ಲ. ಆದರೂ ನಾನು ಆ ಸಾಲು ಹೊಡೆದುಹಾಕಿದೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ‘ನಿನ್ನ ಜಾತಿ ಯಾಕ ಊರಿಗೆಲ್ಲ ಸಾರತಿ? ನಿನಗ ಕೆಡಕಾಗತೈತಿ’ ಎಂದೆ.

ನೀನು ತಲೆ ತಗ್ಗಿಸಲಿಲ್ಲ. ‘ಆ ಸಾಲು ತಗದ್ರ ಇಕಿ ಯಾರದರೆ ಅವ್ವ ಆಗತಾಳ್ರಿ ಸರ್. ನಮ್ಮವ್ವ ಆಗಂಗಿಲ್ಲ.’

ಬರವಣಿಗೆ ಎಂದರೇನೆಂದು ನನಗೆ ಯಾರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಆದರೂ ಆಗ — ಮೆಚ್ಚುಗೆಗಿಂತ ಭಯ ದೊಡ್ಡದಾಗಿತ್ತು.

ಚಿಕ್ಕೋಡಿಯ ವೇದಿಕೆಯ ಮೇಲೆ ನೀನು ನಿಂತಾಗ ನಾನು ಜೀವ ಕೈಯಲ್ಲಿ ಹಿಡಿದು ಕುಳಿತಿದ್ದೆ. ಮುಂದಿನ ಸಾಲಿನಲ್ಲಿ ನಮ್ಮೂರಿನವರು, ನನ್ನ ಮಾವ — ನೀನು ಮನೆಯ ಹೆಸರು ಹೇಳಿದರೆ ಮುಗಿಯಿತು. ಮೊದಲ ಸಲ ಬರೆದ ಹಾಗೆಯೇ, ನಿಮ್ಮ ಓಣಿಯ ಮಾತಿನಲ್ಲೇ ನೀನು ಓದಿದೆ. ನಾಲ್ಕೂ ಸಾಲು. ದನಿ ನಡುಗಲಿಲ್ಲ. ಯಾರ ಮನೆಯೆಂದು ಮಾತ್ರ ಹೇಳಲಿಲ್ಲ. ಬಹುಮಾನ ಬೇರೆಯವರಿಗೆ ಹೋಯಿತು, ನೀನು ಅದರ ಗೊಡವೆಗೇ ಹೋಗಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ: ‘ಅದು ಯಾರ ಮನಿ ಅಂತ ನಿನಗ ಗೊತ್ತೇನ?’

‘ಗೊತ್ತೈತ್ರಿ. ಚಪ್ಪಲ್ ಕೊಡಾಕ ಅವ್ವನ ಜೋಡಿ ನಾನೂ ಬಂದಿದ್ದೆ.’

ನನ್ನ ನಗಾಟ ನಿಮ್ಮ ಓಣಿಯನ್ನೂ ಮುಟ್ಟಿತ್ತು. ನೀನೇ ಮೆಲ್ಲಗೆ ಕೇಳಿದೆ: ‘ಕಾಲು ಭಾಳ ಕಚ್ಚಿತ್ತೇನ್ರಿ ಸರ್? ಅವ್ವ ಅದನ್ನ ಮನಸಿಗಿ ಹಚ್ಚಿಕೊಂಡಾಳ್ರಿ.’

‘ಇಲ್ಲವಾ’ ಎಂದುಬಿಟ್ಟೆ. ಅದೂ ಸುಳ್ಳೇ.

ಕಚ್ಚಿತ್ತು, ಕಸ್ತೂರಿ — ನನ್ನ ತಾಯಿ ಸುರಿದ ನೀರಿಗೆ ಬಿರುಸಾಗಿ. ನಿನ್ನವ್ವನ ಕೈಹದದಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಅಷ್ಟನ್ನು ನಿಮ್ಮ ಬಾಗಿಲಿಗೆ ಬಂದು ಅವಳಿಗೆ ಹೇಳಬೇಕಿತ್ತು — ನಾನು ಬರಲೇ ಇಲ್ಲ.