ಹೊಡೆದವರೇ ಮೊದಲು ದಾಟಬೇಕು

ಗಿರಿಜಾ, ಆ ಸೇತುವೆಯ ಮರ ಕೊಳೆತಿದೆಯೆಂದು ನನಗೆ ಗೊತ್ತಿತ್ತು. ನೀನು ಅದರ ಮೇಲೆ ಕಾಲಿಡುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ "ಚಲೋ ಐತೆ, ಹೋಗು" ಅಂದೆ.

ಹನ್ನೊಂದು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗಲೂ ಹೇಳುತ್ತಿರಲಿಲ್ಲವೇನೋ — ಕಳೆದ ವಾರ ನೀನು ನಿನ್ನ ಪುಸ್ತಕ ಕಳಿಸದೇ ಇದ್ದಿದ್ದರೆ. ಮೊಬೈಲಿಗೆ ಕಳಿಸಿದರೆ ನಾನು ಓದುವುದಿಲ್ಲವೆಂದು ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ, ತಮ್ಮನ ಕೈಲಿ ಹರಿಹರದ ನನ್ನ ಮನೆಗೇ ಮುಟ್ಟಿಸಿದೆ. ಜೊತೆಗೊಂದು ಚೀಟಿ: "ಎರಡು ಪುಟ ಮುನ್ನುಡಿ ಬರ್ದುಕೊಡೇ ಶೈಲಾ. ನೀನಲ್ದೆ ಇನ್ಯಾರು ಬರೀಬೇಕು?" ಮೊದಲ ಹಾಳೆ ತಿರುವಿದರೆ ಅರ್ಪಣೆ — "ಸೇತುವೆಯ ಮೇಲೆ ನನ್ನ ಕೈ ಬಿಡದ ಶೈಲಾಳಿಗೆ."

ಮೂರು ಸಲ ಮುನ್ನುಡಿ ಬರೆಯಲು ಕೂತೆ. ಮೂರು ಸಲವೂ ಬಂದದ್ದು ಇದೇ.

ಕಬ್ಬಿನ ರೈಲನ್ನು ನಾವಿಬ್ಬರೂ ಕಂಡವರಲ್ಲ. ನಾವು ಹುಟ್ಟುವ ಮೊದಲೇ ಅದು ನಿಂತುಹೋಗಿತ್ತು. ಎರಡಡಿ ಅಗಲದ ಹಳಿ, ಆಳೆತ್ತರದ ಇಂಜಿನ್, ಹಿಂದೆ ಬಾಯ್ತೆರೆದ ಡಬ್ಬಿಗಳ ಸಾಲು. ಹೊಳೆದಂಡೆಯ ಸಕ್ಕರೆ ಕಾರ್ಖಾನೆಯಿಂದ ಹೊರಟ ಒಂದು ಹಳಿ, ಮುಂದೆ ಮೂರಾಗಿ ಒಡೆದು ಭಾನುವಳ್ಳಿ ಕಡೆಯ ಗದ್ದೆಗಳವರೆಗೆ. ಅದರ ಸೀಟಿ ಕೇಳಿ ಊರವರು ಎತ್ತು ಬಿಚ್ಚುತ್ತಿದ್ದರು, ರೊಟ್ಟಿಗೆ ಹಂಚು ಇಡುತ್ತಿದ್ದರು. ಆಮೇಲೆ ರಸ್ತೆ ಆಯಿತು, ಲಾರಿ, ಟ್ರ್ಯಾಕ್ಟರ್ ಬಂದವು. ಹಳಿ ಕಿತ್ತು ಮಾರಿದರು. ಈಗಲೂ ಆ ಸುತ್ತಿನ ಹಳೆಯ ಮನೆಗಳಲ್ಲಿ ತಲೆಯೆತ್ತಿದರೆ ಮಾಳಿಗೆಗೆ ಕೊಟ್ಟ ತೊಲೆ ರೈಲುಹಳಿಯೇ. ದನ ಕಟ್ಟುವ ಗೂಟವೂ ಅದೇ.

ಇದೆಲ್ಲ ನಿನ್ನ ಪುಸ್ತಕದಲ್ಲಿದೆ, ನನಗಿಂತ ಚೆನ್ನಾಗಿ. ಆದರೆ ಈ ರೈಲನ್ನು ನಿನಗೆ ತೋರಿಸಿದವಳು ನಾನು. ನನ್ನ ಅವ್ವನ ಅಪ್ಪ ಆ ಹಳಿಯ ಮೇಲೆ ಗ್ಯಾಂಗ್‌ಮನ್ ಆಗಿದ್ದವರು. ದಾವಣಗೆರೆಯಲ್ಲಿ ಇತಿಹಾಸದ ಎಂ.ಎ. ಓದುವಾಗ ಒಂದು ಭಾನುವಾರ ನಾನೇ ನಿನ್ನನ್ನು ಗುತ್ತೂರಿಗೆ, ಅಜ್ಜನ ಮನೆಗೆ, ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ನನ್ನ ಅಜ್ಜ, ನನ್ನ ರೈಲು, ನನ್ನ ವಿಷಯ. ನೀನು ಜೊತೆಗೆ ಬಂದವಳು ಮಾತ್ರ. ಹಾಗೆ ಅಂದುಕೊಂಡಿದ್ದೆ.

ಅಜ್ಜನ ಎದುರು ನಾನು ಪ್ರಶ್ನೆಪಟ್ಟಿ ತೆಗೆದೆ. ಎಷ್ಟು ಡಬ್ಬಿ, ಯಾವ ವರ್ಷ, ಸಾಹೇಬರ ಹೆಸರೇನು. ಅಜ್ಜ ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟರು. ನೀನು ಪೆನ್ನು ಕೆಳಗಿಟ್ಟು ಕೇಳಿದೆ: "ಅಜ್ಜಾರ, ಮಳೆಗಾಲದಾಗ ಹಳಿ ಮ್ಯಾಲೆ ನಡೆಯೋವಾಗ ಕಾಲು ಜಾರ್ತಿರ್ಲಿಲ್ವೇನ್ರಿ?"

ಅಜ್ಜ ನಕ್ಕರು. ಎದ್ದು ಒಳಗೆ ಹೋಗಿ ಉದ್ದ ಹಿಡಿಯ ಸಣ್ಣ ಸುತ್ತಿಗೆ ತಂದರು. ನಾನು ಹುಟ್ಟಿದಾಗಿನಿಂದ ಆ ಮನೆಗೆ ಹೋಗಿಬರುತ್ತಿದ್ದೆ. ಆ ಸುತ್ತಿಗೆಯನ್ನು ಅವತ್ತೇ ಮೊದಲು ನೋಡಿದ್ದು.

"ದಿನಾ ಬೆಳಿಗ್ಗೆ ಗಾಡಿ ಬರೋಕಿಂತ ಮುಂಚೆ ಸೇತುವೆ ದಿಮ್ಮಿ ಒಂದೊಂದೂ ಹೊಡೀಬೇಕಿತ್ತವ್ವ. ಗಟ್ಟಿ ಮರ ಠಣ್ ಅಂತೈತೆ. ಒಳಗೆ ಕೊಳೆತಿದ್ರೆ ದಬ್ ಅಂತೈತೆ. ಮ್ಯಾಲೆ ನೋಡಿದ್ರೆ ಏನೂ ಗೊತ್ತಾಗಂಗಿಲ್ಲ. ಹೊಡೆದೋನು ಚಲೋ ಐತೆ ಅಂದ ಮ್ಯಾಲೆ ಅವನೇ ಮೊದ್ಲು ದಾಟ್ಬೇಕು. ಅವನ ಹಿಂದೆ ಗ್ಯಾಂಗು, ಗ್ಯಾಂಗಿನ ಹಿಂದೆ ಗಾಡಿ. ತಾನೇ ದಾಟದೋನ ಮಾತು ಯಾರು ನಂಬ್ತಾರೆ?"

"ನಿಮ್ಮ ಮೊಮ್ಮಗಳಿಗೆ ಕಲಿಸ್ರಿ ಅಜ್ಜಾರ" ಅಂದೆ ನೀನು.

"ಅಕಿಗೆ ಕಾಲೇಜು ಜಾಸ್ತಿ ಆಗೈತೆ, ಕಿವಿ ಕೇಳಂಗಿಲ್ಲ" ಎಂದರು ಅಜ್ಜ. ನೀವಿಬ್ಬರೂ ನಕ್ಕಿರಿ. ನಾನೂ ನಕ್ಕೆ.

ಆಮೇಲೆ ನೀನು ಒಬ್ಬಳೇ ಗುತ್ತೂರಿಗೆ ಹೋಗತೊಡಗಿದೆ. ಬಸ್ಸಿನಲ್ಲಿ, ಅಜ್ಜನಿಗೆ ಎಲೆಅಡಿಕೆ ಕಟ್ಟಿಸಿಕೊಂಡು. ನಾಲ್ಕನೆಯ ಸಲವೋ ಐದನೆಯ ಸಲವೋ ಅಜ್ಜ ಆ ಸುತ್ತಿಗೆಯನ್ನು ನಿನಗೆ ಕೊಟ್ಟುಬಿಟ್ಟರು. "ಅವರು ಒತ್ತಾಯ ಮಾಡಿದ್ರು ಕಣೇ, ನೀನೇ ಇಟ್ಕೋ" ಎಂದು ನೀನು ನನ್ನ ಮುಂದೆ ಚಾಚಿದ್ದೆ. ನಾನು "ನನಗ್ಯಾಕೆ ಆ ಕಬ್ಬಿಣ, ಬ್ಯಾಡ" ಅಂದೆ. ನನ್ನ ರಕ್ತದಲ್ಲಿ ಇದ್ದದ್ದು ನಿನ್ನ ಚೀಲದೊಳಗೆ ಹೋಯಿತೆಂದು — ಇಂಥ ಮಾತನ್ನು ಅವತ್ತು ನನಗೆ ನಾನೇ ಹೇಳಿಕೊಂಡಿದ್ದರೆ ನಾಚಿಕೆಯಾದರೂ ಆಗುತ್ತಿತ್ತು. ಹೇಳಿಕೊಳ್ಳಲಿಲ್ಲ. ಸುಮ್ಮನೆ ಉರಿದೆ.

ಆ ದಿನಕ್ಕೆ ಬರುತ್ತೇನೆ.

ಬೇಸಿಗೆಯ ಮಧ್ಯಾಹ್ನ. ನಿನ್ನ ಬರಹಕ್ಕೆಂದು ಭಾನುವಳ್ಳಿ ಕವಲಿನ ಕೊನೆಯ ಸೇತುವೆಯ ಅಳತೆ ತೆಗೆಯಬೇಕಿತ್ತು. ನಾನು ಗಾಡಿ ಓಡಿಸುತ್ತಿದ್ದೆ, ನೀನು ಹಿಂದೆ. ಕಾಲುವೆ ಏರಿಯ ಮೇಲೆ ಹೋಗುವಾಗ ನನ್ನ ಭುಜ ತಟ್ಟಿ ಹೇಳಿದೆ: "ಅಜ್ಜಾರು ನಿಮ್ಮಜ್ಜೀನ ಮೊದ್ಲು ನೋಡಿದ್ದು ಇಲ್ಲೇ ಅಂತೆ ಕಣೇ. ಅಜ್ಜಿ ಕಬ್ಬಿನ ಡಬ್ಬಿ ಹತ್ತಿ ಬರ್ತಿದ್ರಂತೆ. ಇವರು ಇಳೀರಿ ಅಂದ್ರೆ, ನಿಮ್ಮಪ್ಪಂದಾ ಗಾಡಿ ಅಂತ ಕೇಳಿದ್ರಂತೆ. ನಿನಗೆ ಹೇಳಿಲ್ವಾ?"

ಹೇಳಿರಲಿಲ್ಲ. ನನ್ನ ಅಜ್ಜಿ. ನನ್ನನ್ನು ಎತ್ತಿ ಆಡಿಸಿದ ಅಜ್ಜಿ, ಹುಡುಗಿಯಾಗಿದ್ದಾಗ ಏನಂದಿದ್ದಳೆಂದು ನಿನ್ನ ಬಾಯಿಂದ ಕೇಳುತ್ತಿದ್ದೆ. "ಗೊತ್ತು" ಅಂದೆ. ಅದು ಆ ದಿನದ ಮೊದಲ ಸುಳ್ಳು.

ಹಳ್ಳ ಬತ್ತಿತ್ತು. ಕೆಳಗೆ ಬರೀ ಬಂಡೆ, ಎರಡಾಳು ಆಳ. ಎರಡು ಕಬ್ಬಿಣದ ತೊಲೆ, ಅವುಗಳ ಮೇಲೆ ಅಡ್ಡಡ್ಡ ಮರದ ದಿಮ್ಮಿ. ಮೇಲಿನ ಹಳಿ ಮಾತ್ರ ಕಿತ್ತಿದ್ದರು. "ಇವತ್ತು ನಾ ಹೊಡಿತೀನಿ, ಕೊಡು" ಎಂದು ಸುತ್ತಿಗೆ ಕಸಿದುಕೊಂಡೆ. "ತಗಳೇ ಮಾರಾಯ್ತಿ, ನಿಂದೇ ಅಲ್ವೇನೆ" ಎಂದು ನೀನು ಟೇಪು, ಪುಸ್ತಕ ತೆಗೆಯಲು ಸ್ಕೂಟರಿನತ್ತ ಹೋದೆ.

ದಡದಲ್ಲಿ ಮಂಡಿಯೂರಿ ಹೊಡೆದೆ. ಮೊದಲನೆಯದು ಠಣ್. ಎರಡನೆಯದು ಠಣ್. ಕೈ ಚಾಚಿ ಮೂರನೆಯದಕ್ಕೆ ಹೊಡೆದೆ — ದಬ್. ನಂಬಿಕೆಯಾಗದೆ ಮತ್ತೆ ಹೊಡೆದೆ. ದಬ್. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ. ಕಾಲೇಜು ಜಾಸ್ತಿಯಾಗಿದ್ದ ಕಿವಿಗೂ ಸ್ಪಷ್ಟವಾಗಿ ಕೇಳಿತು. ಪಕ್ಕದ ಗದ್ದೆಯಲ್ಲಿ ಪಂಪ್‌ಸೆಟ್ಟಿನ ಸದ್ದಿತ್ತು, ನಿನಗೆ ಕೇಳಿರಲಾರದು.

"ಹೆಂಗೈತೇ?" ಎಂದು ಕೂಗಿಕೊಂಡು ನೀನು ಬಂದೆ.

"ಚಲೋ ಐತೆ, ಹೋಗು."

ನೀನು ಸಾಯಲೆಂದು ಅಲ್ಲ — ಆದರೆ ಏನೆಂದು? ಒಂದು ಕಾಲು ಕುಸಿಯಲಿ, ನೀನು ಕಿರುಚಲಿ, ಅಜ್ಜನ ವಿದ್ಯೆ ಕಲಿತವಳೂ ದಾಟದವಳ ಮಾತು ನಂಬಿದಳೆಂದು ನಾನು ನಗಬೇಕು — ಅಷ್ಟೇ ಇತ್ತೆಂದು ವರ್ಷಗಟ್ಟಲೆ ನನಗೆ ಹೇಳಿಕೊಂಡೆ. ಕೆಳಗಿನ ಬಂಡೆ ನನ್ನ ಕಣ್ಣಿಗೂ ಕಾಣುತ್ತಿತ್ತಲ್ಲ.

ನೀನು ಒಂದು ಕ್ಷಣ ನಿಂತು ನನ್ನ ಮುಖ ನೋಡಿದೆ. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ನೀನು ಹೋದೆ.

ಮರ ಮುರಿದ ಸದ್ದು ದೊಡ್ಡದೇನಲ್ಲ. ಹಪ್ಪಳ ಮುರಿದಂತೆ. ಈಗಲೂ ಮನೆಯಲ್ಲಿ ಯಾರಾದರೂ ಒಣಕಟ್ಟಿಗೆ ಮುರಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ನೀನು ಸೊಂಟದವರೆಗೆ ಇಳಿದುಹೋದೆ. ಬಲಗಾಲು ತೊಲೆಗೂ ಮುಂದಿನ ದಿಮ್ಮಿಗೂ ನಡುವೆ ಸಿಕ್ಕಿಕೊಂಡಿತು, ಮೈ ಒಂದು ಕಡೆ ತಿರುಚಿತು. ನಾನು ಕಬ್ಬಿಣದ ತೊಲೆಯ ಮೇಲೆ ಹೊಟ್ಟೆಯೆಳೆದುಕೊಂಡು ಬಂದು ನಿನ್ನ ಎರಡೂ ಕೈ ಹಿಡಿದೆ. ತೊಲೆ ಕಾದ ಹಂಚಿನಂತೆ ಸುಡುತ್ತಿತ್ತು. ಗದ್ದೆಯಲ್ಲಿದ್ದ ಇಬ್ಬರು ಓಡಿಬಂದು ಎತ್ತುವವರೆಗೆ ಬಿಡಲಿಲ್ಲ. "ಬಿಡಬ್ಯಾಡ ಶೈಲಾ" ಎನ್ನುತ್ತಲೇ ಇದ್ದೆ ನೀನು. ಅಷ್ಟು ಹೊತ್ತೂ ನಿನ್ನ ಕಣ್ಣು ನನ್ನ ಮುಖದ ಮೇಲೇ ಇತ್ತು.

ಊರಿಗೆಲ್ಲ ನಾನು ಜೀವ ಉಳಿಸಿದವಳಾದೆ. ನಿನ್ನ ಅವ್ವ ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೆನ್ನೆ ಸವರಿ, "ನೀನಿಲ್ದಿದ್ರೆ ನನ್ನ ಮಗಳು ಎಲ್ಲಿರ್ತಿದ್ಲವ್ವ" ಎಂದು ಅತ್ತರು. ನಾನು ಸುಮ್ಮನಿದ್ದೆ. ನಿನ್ನ ಮಂಡಿ ಮತ್ತೆ ಪೂರ್ತಿ ಮಡಚಲಿಲ್ಲ. ಉಳಿದ ಕವಲುಗಳನ್ನು ನಡೆಯಲು ನಿನ್ನಿಂದ ಆಗಲಿಲ್ಲ. ನಾನೇ ನಡೆದು ಅಳತೆ ತಂದು ಕೊಟ್ಟೆ. ನೀನು ಅದನ್ನು ಪ್ರೀತಿ ಎಂದು ಬರೆದಿದ್ದೀಯ. ಆ ಏರಿಗಳ ಮೇಲೆ ಒಬ್ಬಳೇ ನಡೆಯುವಾಗ ನನಗೆ ಸುಖವಾಗುತ್ತಿತ್ತು ಗಿರಿಜಾ. ಇದನ್ನು ನೀನು ನೋಡಿಲ್ಲ, ನಾನು ನೋಡಿದೆ ಎಂಬ ಸುಖ. ಇದನ್ನು ಬರೆಯುವುದು ಸೇತುವೆಯದನ್ನು ಬರೆಯುವುದಕ್ಕಿಂತ ಕಷ್ಟವಾಗುತ್ತಿದೆ.

ಅಜ್ಜನಿಗೆ ಮಾತ್ರ ತಿಳಿಯಿತು. ನಾನು ಸುದ್ದಿ ಹೇಳಲು ಹೋದಾಗ ಎರಡೇ ಪ್ರಶ್ನೆ ಕೇಳಿದರು.

"ಸುತ್ತಿಗೆ ಯಾರ ಕೈಯಾಗಿತ್ತು?"

"ನನ್ನ ಕೈಯಾಗೆ ಅಜ್ಜ."

"ಮೊದ್ಲು ದಾಟಿದ್ಯಾರು?"

ನಾನು ಉತ್ತರ ಕೊಡಲಿಲ್ಲ. ಅವರು ಗೋಡೆಯ ಕಡೆ ಮುಖ ತಿರುಗಿಸಿ, ಒಳಗಿದ್ದ ಸೊಸೆಯನ್ನು ಕರೆದು ನೀರು ಕೇಳಿದರು. ಸಾಯುವವರೆಗೆ ನನ್ನೆದುರು ರೈಲಿನ ಮಾತೆತ್ತಲಿಲ್ಲ.

ನಿನ್ನ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಗ್ಯಾಂಗ್‌ಮನ್‌ಗಳ ಆ ರೂಢಿಯನ್ನು ಬರೆದಿದ್ದೀಯ. ಹೊಡೆದವರೇ ಮೊದಲು ದಾಟಬೇಕು ಎಂದು, ಅಜ್ಜನ ಮಾತಿನಲ್ಲೇ. ನಿನಗೆ ಅವತ್ತೂ ಆ ರೂಢಿ ಗೊತ್ತಿತ್ತು. ಗೊತ್ತಿದ್ದೂ ನಾನು ದಾರಿ ಬಿಟ್ಟಾಗ ಹೋದೆ. ಆ ಒಂದು ಕ್ಷಣ ನಿಂತು ನನ್ನ ಮುಖ ನೋಡಿದೆಯಲ್ಲ — ಏನು ಕಂಡಿತು ನಿನಗೆ? ಈ ಹನ್ನೊಂದು ವರ್ಷ ನಿನಗೆ ಎಲ್ಲ ತಿಳಿದೂ... ಕೇಳುವ ಹಕ್ಕು ನನಗಿಲ್ಲ.

ಇನ್ನೊಂದಿದೆ. ಆ ಗದ್ದಲದಲ್ಲಿ ಸುತ್ತಿಗೆ ಹಳ್ಳಕ್ಕೆ ಬಿತ್ತು, ಹುಡುಕಿದರೂ ಸಿಗಲಿಲ್ಲ ಅಂದಿದ್ದೆ. ಕಾಲಿಗಿಂತ ಹೆಚ್ಚಾಗಿ ನೀನು ಅದಕ್ಕೆ ಅತ್ತಿದ್ದೆ. ಅದು ಬಿದ್ದಿರಲಿಲ್ಲ. ದಡದಲ್ಲೇ ಇತ್ತು. ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಂದೆ. ಇಷ್ಟು ವರ್ಷ ನನ್ನ ಬೀರುವಿನಲ್ಲಿ, ಹಳೆಯ ಸೀರೆಗಳ ಕೆಳಗೆ ಇದೆ. ಒಮ್ಮೆಯೂ ತೆಗೆದು ನೋಡಲಿಲ್ಲ. ನಿನ್ನ ಹತ್ತಿರ ಇಲ್ಲವೆಂಬುದಷ್ಟೇ ನನಗೆ ಸಾಕಿತ್ತು.

ನಿನ್ನೆ ತೆಗೆದೆ. ತುಕ್ಕು ಒರೆಸಿ ಎಣ್ಣೆ ಹಚ್ಚಿದೆ.

ಅರ್ಪಣೆಯ ಹಾಳೆ ತೆಗೆದುಹಾಕು. ಈ ಪುಟಗಳನ್ನು ಪುಸ್ತಕದಲ್ಲಿ ಹಾಕುತ್ತೀಯೋ, ಹರಿಯುತ್ತೀಯೋ, ನಿನ್ನ ಅವ್ವನಿಗೆ ಓದಿ ಹೇಳುತ್ತೀಯೋ — ನಾನು ಏನೂ ಅನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ದಾವಣಗೆರೆಯ ಸರಸ್ವತಿ ನಗರಕ್ಕೆ, ನಿಮ್ಮ ಮನೆಗೆ ಬರುತ್ತೇನೆ. ಸುತ್ತಿಗೆಯನ್ನೂ ಇದನ್ನೂ ನಿನ್ನ ಕೈಗೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನೀನು ಒಳಗೆ ಕರೆಯದಿದ್ದರೂ, ನಿನ್ನ ಅವ್ವ ಹೊರಬಂದು ಕೇಳಿದರೆ ಈ ಸಲ ಉತ್ತರ ಕೊಡುತ್ತೇನೆ.