ನಾನು ಅಂದ್ರೆ ಯಾರು?

ನಂಜನಗೂಡಿನ ನಮ್ಮ ಮನೆಯ ಬೀಗದ ಕೈ ಕಿಟಕಿಯ ಒಳಗೆ, ಎಡಗಡೆಯ ಮೊಳೆಯಲ್ಲಿ ತೂಗುತ್ತಿತ್ತು. ಹಾಲಿನವನಿಗೆ ಗೊತ್ತು, ಪಕ್ಕದ ಮನೆಯವರಿಗೆ ಗೊತ್ತು, ಅವರ ನೆಂಟರಿಗೂ ಗೊತ್ತು. ಇಂಥ ಮನೆಯ ಯಜಮಾನರಾದ ಅಪ್ಪ ನನ್ನ ಕಂಪ್ಯೂಟರಿನ ಭದ್ರತೆಯ ಬಗ್ಗೆ ತಕರಾರು ತೆಗೆದರು.

ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ನಾನು ತಿ. ನರಸೀಪುರದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಾನು ಬರೆದ ಪ್ರೋಗ್ರಾಮುಗಳೆಲ್ಲ ಮನೆಯ ಕಂಪ್ಯೂಟರಿನಲ್ಲಿ, ನಾನೇ ಹಾಕಿಕೊಂಡಿದ್ದ ಲಿನಕ್ಸ್ ವ್ಯವಸ್ಥೆಯಲ್ಲಿದ್ದವು. ಅದರ ಪರದೆಯನ್ನು ಲ್ಯಾಬಿನಿಂದಲೇ ತೆರೆಯಬೇಕೆಂದು ಹಟ ಹಿಡಿದಿದ್ದೆ.

“ಊರಿಗೆಲ್ಲ ಬಾಗ್ಲು ತೆಗ್ದಿಟ್ಟು ಬೀಗ ಹಾಕಿದೀನಿ ಅಂತೀಯಲ್ಲವ್ವ,” ಎಂದರು ಅಪ್ಪ. ಭಾನುವಾರ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿ ಲಿನಕ್ಸನ್ನೇ ಅಳಿಸಿಹಾಕಿಸುವುದಾಗಿಯೂ ಹೇಳಿದರು.

ಚರ್ಚಾಸ್ಪರ್ಧೆಗಳಲ್ಲಿ ಸುಮ್ಮನೆ ಗೆದ್ದವಳಲ್ಲ ನಾನು. ಬರೀ ಪಾಸ್‌ವರ್ಡ್ ಹೊಡೆದು ಯಾರೂ ಒಳಗೆ ಬರಲಾರರು, ಕೀಲಿ ಎಂಬ ಗುಟ್ಟಿನ ಫೈಲೇ ಬೇಕು, ಅದಿರುವುದು ನನ್ನೊಬ್ಬಳ ಹತ್ತಿರ, ದಾರಿಯಲ್ಲಿ ಕದ್ದು ನೋಡಿದವನಿಗೆ ಒಂದಕ್ಷರವೂ ಅರ್ಥವಾಗದು ಎಂದೆಲ್ಲ ವಿವರಿಸಿದೆ. ನಿಮ್ಮ ಬೀಗದ ಕೈ ಬೀದಿಗೆಲ್ಲ ಗೊತ್ತಲ್ಲ ಎಂದೂ ಚುಚ್ಚಿದೆ.

“ಅದು ಗೊತ್ತಿರೋರ್ಗೆ ಗೊತ್ತು ಕಣವ್ವ.”

ಇದೂ ಒಂದು ವಾದವೇ?

ಶನಿವಾರ ಲ್ಯಾಬಿನಲ್ಲಿ ಸಂಪರ್ಕ ಸಿಕ್ಕಿತು. ಮನೆಯ ಪರದೆ ನನ್ನೆದುರು ತುಂಡುತುಂಡಾಗಿ ಮೂಡಿತು. ಬಾಣದ ಗುರುತನ್ನು ಬಲಕ್ಕೆ ಒಯ್ದೆ. ಅದು ಎಡಕ್ಕೆ ಓಡಿತು. ಮನೆಯಲ್ಲಿ ಅದೇ ಕಂಪ್ಯೂಟರಿನಲ್ಲಿ ಇಸ್ಪೀಟು ಆಡುತ್ತ ಕೂತಿದ್ದ ಅಪ್ಪ, ಬಾಣ ತಾನಾಗಿ ಓಡಿದ್ದು ಕಂಡು ಮೌಸ್ ಹಿಡಿದು ಜಗ್ಗುತ್ತಿದ್ದರು. ಹೇಗೋ ಮಾಡಿ ಬರೆಯುವ ಒಂದು ವಿಂಡೋ ತೆರೆದೆ. ಅದರಲ್ಲಿ ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಕನ್ನಡ ಒಂದೊಂದೇ ಅಕ್ಷರವಾಗಿ ಬಂತು: “ಯಾರು?”

“ನಾನು,” ಎಂದು ಬರೆದೆ.

“ನಾನು ಅಂದ್ರೆ?”

ಬಾಗಿಲು ತಟ್ಟಿದವರನ್ನು ಕೇಳುವ ಹಾಗೆಯೇ. ನನ್ನ ಕೀಲಿಯನ್ನು ಯಂತ್ರ ಒಪ್ಪಿತ್ತು, ಅಪ್ಪ ಒಪ್ಪಿರಲಿಲ್ಲ. ಮತ್ತೆ ಅಕ್ಷರಗಳು ಬಂದವು: “ಮನೆ ಬೀಗದ ಕೈ ಎಲ್ಲದೆ ಹೇಳು.”

ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ.

“ಅದು ಬೀದಿಗೆಲ್ಲ ಗೊತ್ತು. ಸಾಕ್ಷಿ ಆಗಲ್ಲ. ಬೇರೆ ಕೇಳಿ.”

ಬಾಣ ನಿಂತಿತು. ಉತ್ತರ ಬಂತು: “ಸರಿ, ನೀನೇಯ. ಬೇರೆ ಯಾರೂ ಇಷ್ಟು ವಾದ ಮಾಡಲ್ಲ.” ಮೌಸ್ ಬಿಟ್ಟರು.

ಭಾನುವಾರ ಅಪ್ಪ ಅಂಗಡಿಯವನನ್ನು ಕರೆಸಲಿಲ್ಲ. ತಾವು ಗುರುತು ಹಿಡಿದದ್ದು ಮಗಳನ್ನು, ಅವಳ ಕೀಲಿಯನ್ನಲ್ಲ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಇರಬಹುದು. ಆದರೆ ಕೀಲಿಯಿಲ್ಲದೆ ಮಗಳು ಆ ಪರದೆಯವರೆಗೆ ಬಂದದ್ದಾದರೂ ಹೇಗೆ?