ತಪ್ಪು ರಾಗಕ್ಕೆ ಸಿಕ್ಕ ಗದರಿಕೆ

ಗಂಡ ನನ್ನನ್ನು ಗದರಿಸಿದರು, ನಾನು ಖುಷಿಯಿಂದ ಕುಣಿದೆ! ಹೀಗೆ ಬರೆದರೆ ನನಗೆ ತಲೆ ಕೆಟ್ಟಿದೆ ಅಂದುಕೊಂಡೀರಿ. ಮೊದಲಿನಿಂದಲೇ ಹೇಳುತ್ತೇನೆ.

ನಾವು ಮಂಗಳೂರು ಕಡೆಯವರು. ಅವರ ಬ್ಯಾಂಕ್ ಕೆಲಸಕ್ಕಾಗಿ ತಿರುವನಂತಪುರಕ್ಕೆ ಬಂದು ಪಟ್ಟಂನಲ್ಲಿ ಫ್ಲ್ಯಾಟು ಹಿಡಿದೆವು. ಯಾವ ಊರಿಗೆ ಹೋದರೂ ಸಂಜೆ ಏಳರ ಮನೆಪ್ರಾರ್ಥನೆ ತಪ್ಪಿಸಿದವರಲ್ಲ. ಅವರು ಚರ್ಚಿನ ಸಭೆಯ ಗಾಯನ ಮಂಡಳಿಯಲ್ಲಿ ಬೆಳೆದವರು. ಕನ್ನಡ ಕೀರ್ತನೆಯ ರಾಗ ಎತ್ತುವುದು ಅವರು, ಬೈಬಲ್ ವಾಕ್ಯ ಓದುವುದು ನಾನು, ಕರ್ತನ ಪ್ರಾರ್ಥನೆ ಮಗಳದ್ದು.

ಕಳೆದ ವರ್ಷ ಕೊಚ್ಚಿಯಲ್ಲಿ ಅವರಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆಯ ಜೊತೆ ಸ್ವರವೂ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಒಂದು ಬದಿಯ ಸ್ವರತಂತು ಅಲುಗುತ್ತಿಲ್ಲ, ಕೆಲವರಿಗೆ ಹೀಗಾಗುವುದುಂಟು, ತಾನಾಗಿ ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದರು ಡಾಕ್ಟರಮ್ಮ.

ಎರಡು ವಾರ ಪ್ರಾರ್ಥನೆಗೆ ನಮ್ಮ ಜೊತೆ ಸುಮ್ಮನೆ ಕೂತರು. ಮೂರನೆಯ ವಾರ ನನ್ನ ಕಿವಿಯ ಹತ್ತಿರ ಬಂದು, "ದೇವರಿಗೆ ನನ್ನ ಸ್ವರ ಬೇಡವಾದರೆ ನಾನು ಎಂತಕ್ಕೆ ಕೂರುವುದು?" ಎಂದು ಉಸಿರಿನಲ್ಲೇ ಕೇಳಿ, ಬಾಲ್ಕನಿಗೆ ಹೋಗಿ ಕೂತರು. ಅಂದಿನಿಂದ ಏಳಾದರೆ ಅವರ ಜಾಗ ಅಲ್ಲೇ.

ನಾನು ಪ್ರಾರ್ಥನೆ ನಿಲ್ಲಿಸಲಿಲ್ಲ. ದೊಡ್ಡದು ಸಿಗದಿದ್ದಾಗ ಚಿಕ್ಕದಕ್ಕೇ ಸ್ತೋತ್ರ ಹೇಳಿದೆ. ಇವತ್ತು ನೀರು ಕುಡಿಯುವಾಗ ಕೆಮ್ಮಲಿಲ್ಲ, ಸ್ತೋತ್ರ. ಮೀನುಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು, ಸ್ತೋತ್ರ. ಬಾಲ್ಕನಿಯ ಬಾಗಿಲನ್ನು ಮಾತ್ರ ಅವರು ಮುಚ್ಚುತ್ತಿರಲಿಲ್ಲ, ಅದಕ್ಕೂ ಸ್ತೋತ್ರ!

ಆದರೆ ರಾಗದಲ್ಲಿ ನಾನು ದಡ್ಡಿ. ಇಲ್ಲಿನ ಮಲಯಾಳಂ ಸಭೆಯಲ್ಲಿ ಕೇಳಿದ ಒಂದು ರಾಗ ನಾಲಿಗೆಗೆ ಅಂಟಿಕೊಂಡಿತ್ತು. ಒಂದು ಸಂಜೆ ನಮ್ಮ ಹಳೆಯ ಕನ್ನಡ ಕೀರ್ತನೆಯನ್ನು ಗೊತ್ತಿಲ್ಲದೆ ಅದೇ ರಾಗಕ್ಕೆ ಎತ್ತಿಬಿಟ್ಟೆ. ಸಾಲು ಉದ್ದ, ರಾಗ ಗಿಡ್ಡ. ಉಳಿದ ಮಾತನ್ನೆಲ್ಲ ಒಂದೇ ಉಸಿರಿಗೆ ತುರುಕಿದೆ. ಮಗಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದಳು. ನಾನು ಬಿಡದೆ ಎರಡನೆಯ ಚರಣಕ್ಕೂ ಹೋದೆ.

"ತಪ್ಪು! ಆ ರಾಗ ಅಲ್ಲ ಮಾರಾಯ್ತಿ!"

ಬಾಲ್ಕನಿಯಿಂದ! ಒಡೆದ ದನಿ, ಕಾಗೆ ಕೂಗಿದ ಹಾಗೆ. ಆದರೂ ದನಿ! ಅವರೇ ಗಂಟಲು ಹಿಡಿದುಕೊಂಡು ನಿಂತಿದ್ದರು.

"ಪಪ್ಪಾ, ಒನ್ನುಕೂಡಿ ಪರ!" ಎಂದಳು ಮಗಳು. ಇನ್ನೊಮ್ಮೆ ಹೇಳು ಎಂದು ಕೇಳುವುದೂ ಅವಳಿಗೆ ಮಲಯಾಳಂನಲ್ಲೇ.

"ಎಂತ ಹೇಳುವುದು?" ಎಂದರು. ಅರ್ಧ ಗಾಳಿ, ಅರ್ಧ ಸ್ವರ. ನಾನು ಕುಣಿದದ್ದು ಆಗಲೇ.

ಮರುದಿನ ಬೆಳಿಗ್ಗೆ ನೋಡಿದರೆ ಮತ್ತೆ ಬರೀ ಗಾಳಿ. ಅದೊಂದು ಸಲಕ್ಕೆ ಮಾತ್ರ ಬಂದು ಹೋಯಿತೇ? ಕೊಚ್ಚಿಯ ತಪಾಸಣೆಗೆ ಇನ್ನೂ ಆರು ದಿನವಿತ್ತು. ಆರು ದಿನವೂ ಬೇಕೆಂದೇ ರಾಗ ಕೆಡಿಸಿ ಹಾಡಿದೆ. ಅವರು ಹುಬ್ಬು ಗಂಟಿಕ್ಕಿದರೇ ಹೊರತು ಬಾಯಿ ಬಿಡಲಿಲ್ಲ.

ಏಳನೆಯ ದಿನ ಡಾಕ್ಟರಮ್ಮ ಮೂಗಿನಿಂದ ಸಣ್ಣ ಕೊಳವೆ ಇಳಿಸಿ, "ಈ ಎನ್ನಿ" ಎಂದರು. ಪರದೆಯ ಮೇಲೆ ಎರಡು ಬಿಳಿ ಪಟ್ಟಿ. ಬಲಗಡೆಯದ್ದು ಸರಿಯಿತು. ಎಡಗಡೆಯದ್ದು ಸುಮ್ಮನಿತ್ತು. "ಇನ್ನೊಮ್ಮೆ." ಎಡಗಡೆಯದ್ದು ಮಿಸುಕಿತು! ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ. ನರ್ಸ್ ಕಣ್ಣು ಬಿಟ್ಟರು. "ಅಲುಗುತ್ತಿದೆ. ನಿಧಾನ, ಆದರೆ ಬರುತ್ತದೆ" ಎಂದು ಡಾಕ್ಟರಮ್ಮನೂ ನಕ್ಕರು.

ಕೊಚ್ಚಿಯ ವೈಟ್ಟಿಲ ಬಸ್‌ಸ್ಟ್ಯಾಂಡಿನಲ್ಲಿ ಕೂತಾಗ ನನ್ನ ಬಾಯಿ ನಿಲ್ಲಲೇ ಇಲ್ಲ. ಅವರು ನನ್ನ ಕೈ ಹಿಡಿದು ಉಸಿರಿನಲ್ಲೇ ಹೇಳಿದರು:

"ಇಷ್ಟು ದಿನ ನನಗೆ ದೇವರ ಮೇಲೆ ಸಿಟ್ಟಿತ್ತು. ಈಗಲೂ ಸ್ವಲ್ಪ ಉಂಟು."

"ಅದು ನನಗೆ ಎಂತಕ್ಕೆ? ಆತನಿಗೇ ಹೇಳಿ."

"ಇಲ್ಲಿಯಾ?"

"ಆತ ಬಸ್‌ಸ್ಟ್ಯಾಂಡಿಗೆ ಬರುವುದಿಲ್ಲವಾ?"

ಅವರು ತಲೆ ಬಾಗಿಸಿದರು. "ಕರ್ತನೇ, ನೀನು ಮಾಡಿದ್ದು ನನಗೆ ಸರಿ ಕಾಣಲಿಲ್ಲ" ಎಂದು ಶುರು ಮಾಡಿದರು. ಈ ಸಲ ಬರೀ ಗಾಳಿಯಲ್ಲ, ಒರಟು ದನಿ, ನಡುವೆ ಕೆಮ್ಮು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಪ್ರಾರ್ಥನೆ ಮುಗಿಯುವ ಲಕ್ಷಣವೇ ಇರಲಿಲ್ಲ. ತಿರುವನಂತಪುರದ ಬಸ್ಸು ತಪ್ಪಬಾರದಲ್ಲ? ನಾನು ಒಂದು ಕಣ್ಣು ಮಾತ್ರ ಮುಚ್ಚಿಕೊಂಡೆ.